ಮೈಸೂರು ಜಿಲ್ಲೆಯ ಟಿಬೆಟನ್ ರತ್ನಗಂಬಳಿ ವಿನ್ಯಾಸಗಳು

ಮೈಸೂರು ಜಿಲ್ಲೆಯ ಟಿಬೆಟನ್ ರತ್ನಗಂಬಳಿ ವಿನ್ಯಾಸಗಳು ಎಂದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಮತ್ತು ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ವಸತಿಗಳಲ್ಲಿ ಕೈಮಗ್ಗದಲ್ಲಿ ನೇಯುತ್ತ ಬಂದಿರುವ ಉಣ್ಣೆಯ ರತ್ನಗಂಬಳಿಗಳ ಚಿತ್ರಗಳು ಹಾಗೂ ಲಾಂಛನಗಳು. ಹಿಮಸಿಂಹ, ಹುಲಿ, ಡ್ರ್ಯಾಗನ್, ಅಷ್ಟಮಂಗಳ ಚಿಹ್ನೆಗಳು, ಕಮಲ, ಸ್ವಸ್ತಿಕ ಮತ್ತು ಅಲೆಯಂಚು ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಕೆಲವು ಟಿಬೆಟ್‌ನ ರಾಜ್ಯಲಾಂಛನದಿಂದ, ಕೆಲವು ಭಾರತೀಯ ಮೂಲದ ಬೌದ್ಧ ಪರಂಪರೆಯಿಂದ, ಇನ್ನು ಕೆಲವು ಚೀನೀ ವಸ್ತ್ರಕಲೆಯಿಂದ ಬಂದವು. ಟಿಬೆಟ್‌ನಲ್ಲಿ ದಿನಬಳಕೆಯ ಹಾಸಿಗೆ ಮತ್ತು ಆಸನಗಳ ಅಲಂಕಾರವಾಗಿದ್ದ ಈ ವಿನ್ಯಾಸಗಳು 1959ರ ನಂತರದ ದೇಶಾಂತರದ ಬದುಕಿನಲ್ಲಿ ಒಂದು ಜನಾಂಗದ ಇತಿಹಾಸವನ್ನೂ ಅಸ್ಮಿತೆಯನ್ನೂ ಸೂಚಿಸುವ ಗುರುತುಗಳಾಗಿ ಮಾರ್ಪಟ್ಟಿವೆ.

ಹಿನ್ನೆಲೆ

1959ರ ಮಾರ್ಚ್ 10ರಂದು ಲಾಸಾದಲ್ಲಿ ಚೀನಾದ ಆಡಳಿತದ ವಿರುದ್ಧ ದಂಗೆ ಆರಂಭವಾಯಿತು. ಮಾರ್ಚ್ 17ರ ರಾತ್ರಿ 14ನೇ ದಲಾಯಿ ಲಾಮಾ ಲಾಸಾವನ್ನು ತೊರೆದು, ಅದೇ ತಿಂಗಳ 31ರಂದು ಭಾರತದ ಗಡಿಯನ್ನು ಪ್ರವೇಶಿಸಿದರು. ಅವರನ್ನು ಹಿಂಬಾಲಿಸಿ ಸಾವಿರಾರು ಟಿಬೆಟನ್ನರು ಹಿಮಾಲಯವನ್ನು ದಾಟಿ ಬಂದರು. ಅವರಿಗೆ ನೆಲೆ ಕಲ್ಪಿಸುವಂತೆ ಭಾರತ ಸರ್ಕಾರವು ರಾಜ್ಯಗಳನ್ನು ಕೋರಿದಾಗ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಅರಣ್ಯಭೂಮಿಯನ್ನು ಒದಗಿಸಿತು. ಅಲ್ಲಿ 1960ರ ದಶಕದ ಆರಂಭದಲ್ಲಿ ಲುಗ್ಸುಂಗ್ ಸಮ್ದುಪ್‌ಲಿಂಗ್ ಎಂಬ ಮೊದಲ ವಸತಿ ರೂಪುಗೊಂಡಿತು. 1969ರಲ್ಲಿ ಅದರ ಪಕ್ಕದಲ್ಲಿಯೇ ಡಿಕಿ ಲಾರ್ಸೋ ವಸತಿಯೂ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗೇಲಿಂಗ್ ವಸತಿಯೂ ಆರಂಭವಾದವು. ಕರ್ನಾಟಕದ ಇತರ ಟಿಬೆಟನ್ ವಸತಿಗಳು ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ಮತ್ತು ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದಲ್ಲಿವೆ.

ವಸತಿಗಳ ಮುಖ್ಯ ಕಸುಬು ಬೇಸಾಯವಾಗಿತ್ತು. ಕಾಡು ಕಡಿದು ಹಸನು ಮಾಡಿದ ಹೊಲಗಳಲ್ಲಿ ಮುಸುಕಿನ ಜೋಳ ಪ್ರಧಾನ ಬೆಳೆಯಾಯಿತು. ಮಳೆಯನ್ನೇ ನಂಬಿದ ಬೇಸಾಯದಿಂದ ವರ್ಷವಿಡೀ ಕೆಲಸ ದೊರೆಯದ ಕಾರಣ, ವಸತಿಗಳ ಸಹಕಾರ ಸಂಘಗಳ ಆಶ್ರಯದಲ್ಲಿ ಕರಕುಶಲ ಕೇಂದ್ರಗಳು ಆರಂಭಗೊಂಡವು. ಈ ಕೇಂದ್ರಗಳ ಪ್ರಮುಖ ಉತ್ಪನ್ನ ರತ್ನಗಂಬಳಿ. ಬೌದ್ಧ ವಿಹಾರಗಳೂ ಇದೇ ಅವಧಿಯಲ್ಲಿ ಈ ಪ್ರದೇಶದಲ್ಲಿ ಪುನಃಸ್ಥಾಪನೆಗೊಂಡವು. ಬೈಲಕುಪ್ಪೆಯಲ್ಲಿ ನಾಮ್‌ಡ್ರೋಲಿಂಗ್ (1963), ಸೆರಾ (1970) ಹಾಗೂ ತಾಶಿ ಲುನ್‌ಪೊ (1972) ವಿಹಾರಗಳೂ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಗ್ಯುದ್ಮೆದ್ ತಾಂತ್ರಿಕ ವಿಹಾರವೂ ಇವೆ. ಇವುಗಳ ಗೋಡೆ, ಕಂಬ ಮತ್ತು ತೋರಣಗಳ ಮೇಲೆ ಕಾಣುವ ಅನೇಕ ಚಿಹ್ನೆಗಳು ರತ್ನಗಂಬಳಿಯ ವಿನ್ಯಾಸಗಳಲ್ಲಿಯೂ ಕಾಣಸಿಗುತ್ತವೆ.

ಟಿಬೆಟ್‌ನಲ್ಲಿ ರತ್ನಗಂಬಳಿಯ ಬಳಕೆ

ಟಿಬೆಟನ್ ರತ್ನಗಂಬಳಿ ಮೂಲತಃ ನೆಲಕ್ಕೆ ಹಾಸುವ ವಸ್ತುವಲ್ಲ. ಇದನ್ನು ಎತ್ತರಿಸಿದ ಆಸನ ಅಥವಾ ಮಂಚದ ಮೇಲೆ ಹಾಸಿ, ಹಗಲು ಕುಳಿತುಕೊಳ್ಳಲು ಮತ್ತು ರಾತ್ರಿ ಮಲಗಲು ಬಳಸುತ್ತಿದ್ದರು. ಹೀಗೆ ಬಳಸುವ ರತ್ನಗಂಬಳಿಗೆ ಖಾದೆನ್ ಎಂದು ಹೆಸರು. ಇದರ ಸಾಮಾನ್ಯ ಅಳತೆ ಸುಮಾರು 3 ಅಡಿ ಅಗಲ ಮತ್ತು 6 ಅಡಿ ಉದ್ದ. ಇದಲ್ಲದೆ ಒಬ್ಬರು ಕುಳಿತುಕೊಳ್ಳುವ ಚೌಕಾಕಾರದ ಆಸನಗಳು, ಕುದುರೆಯ ಜೀನಿನ ಕೆಳಗೂ ಮೇಲೂ ಹಾಸುವ ಗಂಬಳಿಗಳು, ವಿಹಾರಗಳಲ್ಲಿ ಭಿಕ್ಷುಗಳು ಸಾಲಾಗಿ ಕೂರುವ ಉದ್ದನೆಯ ಹಾಸುಗಳು ಮತ್ತು ಕಂಬಗಳಿಗೆ ಸುತ್ತುವ ಗಂಬಳಿಗಳೂ ಬಳಕೆಯಲ್ಲಿದ್ದವು. ಸುಮಾರು 3,650 ಮೀಟರ್ ಎತ್ತರದ ಲಾಸಾದಂತಹ ಊರುಗಳ ಚಳಿಯಲ್ಲಿ ಉಣ್ಣೆಯ ಹಾಸು ಅನಿವಾರ್ಯ ಗೃಹವಸ್ತುವಾಗಿತ್ತು.

ದಕ್ಷಿಣ ಟಿಬೆಟ್‌ನ ಗ್ಯಾಂಟ್ಸೆ ಪಟ್ಟಣ ರತ್ನಗಂಬಳಿಗೆ ಹೆಸರಾಗಿತ್ತು. ಹಳೆಯ ನೇಯ್ಗೆಗಳಲ್ಲಿ ಮಂಜಿಷ್ಠದಿಂದ ಕೆಂಪು, ನೀಲಿ ಗಿಡದಿಂದ ನೀಲಿ, ಅಕ್ರೋಟಿನ ಸಿಪ್ಪೆಯಿಂದ ಕಂದು, ರೇವಲ್ಚಿನ್ನಿ ಗಿಡದಿಂದ ಹಳದಿ ಬಣ್ಣಗಳನ್ನು ಪಡೆಯುತ್ತಿದ್ದರು. 19ನೇ ಶತಮಾನದ ಕೊನೆಯಿಂದ ರಾಸಾಯನಿಕ ಬಣ್ಣಗಳೂ ಟಿಬೆಟ್ ತಲುಪತೊಡಗಿದವು. ಟಿಬೆಟ್‌ನ ಉಣ್ಣೆ ಭಾರತಕ್ಕೆ ಹೊಸದಾಗಿರಲಿಲ್ಲ. 20ನೇ ಶತಮಾನದ ಮಧ್ಯಭಾಗದವರೆಗೆ ಅದು ಹೇಸರಗತ್ತೆಗಳ ಮೇಲೆ ಹಿಮಾಲಯದ ಕಣಿವೆಗಳನ್ನು ದಾಟಿ ಪಶ್ಚಿಮ ಬಂಗಾಳದ ಕಾಲಿಂಪಾಂಗ್‌ಗೆ ಬಂದು, ಅಲ್ಲಿಂದ ಹೊರದೇಶಗಳಿಗೆ ಹೋಗುತ್ತಿತ್ತು. 1962ರ ಭಾರತ-ಚೀನಾ ಯುದ್ಧದೊಂದಿಗೆ ಈ ವ್ಯಾಪಾರ ನಿಂತುಹೋಯಿತು. ಇದರಿಂದಾಗಿ ಭಾರತದಲ್ಲಿ ನೆಲೆಸಿದ ನೇಕಾರರಿಗೆ ತಾಯ್ನಾಡಿನ ಕಸುಬು ಉಳಿದರೂ ತಾಯ್ನಾಡಿನ ಉಣ್ಣೆ ದೊರೆಯದಂತಾಯಿತು.

ನೇಯ್ಗೆಯ ವಿಧಾನ

ಟಿಬೆಟನ್ ರತ್ನಗಂಬಳಿಯನ್ನು ನೆಟ್ಟಗೆ ನಿಲ್ಲಿಸಿದ ಮರದ ಅಥವಾ ಕಬ್ಬಿಣದ ಚೌಕಟ್ಟಿನ ಮಗ್ಗದಲ್ಲಿ ನೇಯಲಾಗುತ್ತದೆ. ಟಿಬೆಟ್‌ನಲ್ಲಿ ಹಾಸು ಮತ್ತು ಹೊಕ್ಕು ಎರಡಕ್ಕೂ ಉಣ್ಣೆಯ ನೂಲನ್ನೇ ಬಳಸುತ್ತಿದ್ದರು. ಭಾರತ ಮತ್ತು ನೇಪಾಳದ ವಸತಿಗಳಲ್ಲಿ ಹತ್ತಿ ನೂಲಿನ ಹಾಸು ರೂಢಿಗೆ ಬಂದಿತು.

ಇರಾನ್ ಮತ್ತು ಕಾಶ್ಮೀರದ ರತ್ನಗಂಬಳಿಗಳಲ್ಲಿ ಒಂದೊಂದು ಗಂಟನ್ನೂ ಬೇರೆಬೇರೆಯಾಗಿ ಹಾಕಿ ಕತ್ತರಿಸುತ್ತಾರೆ. ಟಿಬೆಟನ್ ವಿಧಾನದಲ್ಲಿ ಮಗ್ಗದ ಅಗಲಕ್ಕೂ ಒಂದು ಸರಳನ್ನು ಅಡ್ಡಲಾಗಿ ಹಿಡಿದು, ಬಣ್ಣದ ನೂಲನ್ನು ಹಾಸಿನ ಎಳೆಗಳ ಹಿಂದಿನಿಂದ ತಂದು ಆ ಸರಳಿನ ಮೇಲೆ ಸುತ್ತುತ್ತ ಹೋಗುತ್ತಾರೆ. ಬಣ್ಣ ಬದಲಾಗುವವರೆಗೆ ನೂಲನ್ನು ಕತ್ತರಿಸಬೇಕಾಗಿಲ್ಲ. ಸಾಲು ಪೂರ್ಣಗೊಂಡ ಮೇಲೆ ಕೊಡತಿಯಿಂದ ಬಡಿದು ಬಿಗಿಗೊಳಿಸಿ, ಸರಳಿನ ಉದ್ದಕ್ಕೂ ಚೂರಿಯಿಂದ ಸುತ್ತುಗಳನ್ನು ಸೀಳುತ್ತಾರೆ. ಆಗ ಪ್ರತಿ ಸುತ್ತೂ ಎರಡು ತುದಿಗಳ ಕುಚ್ಚಾಗಿ ಎದ್ದು ನಿಲ್ಲುತ್ತದೆ. ಸಾಲುಗಳ ನಡುವೆ ಹೊಕ್ಕಿನ ನೂಲನ್ನು ಹಾಯಿಸಿ ಬಾಚಣಿಗೆಯಂತಹ ಉಪಕರಣದಿಂದ ಒತ್ತುತ್ತಾರೆ. ಸರಳಿನ ದಪ್ಪವೇ ಕುಚ್ಚಿನ ಎತ್ತರವನ್ನು ನಿರ್ಧರಿಸುತ್ತದೆ. ಅಗಲವಾದ ಗಂಬಳಿಗಳನ್ನು ಇಬ್ಬರು ಅಥವಾ ಮೂವರು ಒಂದೇ ಮಗ್ಗದ ಮುಂದೆ ಅಕ್ಕಪಕ್ಕ ಕುಳಿತು ನೇಯುತ್ತಾರೆ.

ನೇಯ್ಗೆ ಮುಗಿದ ನಂತರ ಮೇಲ್ಮೈಯನ್ನು ಕತ್ತರಿಯಿಂದ ಸಮಗೊಳಿಸುತ್ತಾರೆ. ಬಳಿಕ ಚಿತ್ರದ ಹೊರರೇಖೆಯ ಉದ್ದಕ್ಕೂ ಉಣ್ಣೆಯನ್ನು ಓರೆಯಾಗಿ ಕತ್ತರಿಸಿ ಸಣ್ಣ ಕಾಲುವೆಯಂತೆ ಮಾಡುತ್ತಾರೆ. ಇದರಿಂದ ಸಿಂಹದ ಕೇಸರ, ಡ್ರ್ಯಾಗನ್‌ನ ಮೈ ಅಥವಾ ಕಮಲದ ದಳಗಳು ಹಿನ್ನೆಲೆಯಿಂದ ಉಬ್ಬಿದಂತೆ ತೋರುತ್ತವೆ. ಈ ಉಬ್ಬುಗತ್ತರಿಕೆ ಟಿಬೆಟನ್ ರತ್ನಗಂಬಳಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಲಕ್ಷಣ.

ಗಂಟಿನ ಲೆಕ್ಕ ಮತ್ತು ಚಿತ್ರರಚನೆ

ಟಿಬೆಟನ್ ರತ್ನಗಂಬಳಿಯ ಸೂಕ್ಷ್ಮತೆಯನ್ನು ಒಂದು ಚದರ ಅಂಗುಲಕ್ಕೆ ಎಷ್ಟು ಗಂಟುಗಳಿವೆ ಎಂಬುದರಿಂದ ಅಳೆಯುತ್ತಾರೆ. ಸಾಮಾನ್ಯ ದರ್ಜೆಯಲ್ಲಿ ಸುಮಾರು 60, ಮೇಲ್ದರ್ಜೆಯಲ್ಲಿ 80ರಿಂದ 100 ಗಂಟುಗಳಿರುತ್ತವೆ. 3 ಅಡಿ ಅಗಲ ಮತ್ತು 6 ಅಡಿ ಉದ್ದದ ಖಾದೆನ್ 2,592 ಚದರ ಅಂಗುಲಗಳಷ್ಟಾಗುತ್ತದೆ. 60 ಗಂಟುಗಳ ಲೆಕ್ಕದಲ್ಲಿ ಅದಕ್ಕೆ 1,55,520 ಗಂಟುಗಳೂ, 100 ಗಂಟುಗಳ ಲೆಕ್ಕದಲ್ಲಿ 2,59,200 ಗಂಟುಗಳೂ ಬೇಕು.

ಈ ಲೆಕ್ಕವು ವಿನ್ಯಾಸದ ಸ್ವರೂಪವನ್ನೂ ನಿರ್ಧರಿಸುತ್ತದೆ. 60 ಗಂಟುಗಳ ನೇಯ್ಗೆಯಲ್ಲಿ ಒಂದು ಅಂಗುಲ ಅಗಲಕ್ಕೆ ಎಂಟಕ್ಕಿಂತ ಹೆಚ್ಚು ಗಂಟುಗಳು ಬರುವುದಿಲ್ಲ. ಸಿಂಹದ ಕಣ್ಣು, ಉಗುರು, ಹಲ್ಲುಗಳನ್ನು ಕೆಲವೇ ಗಂಟುಗಳಲ್ಲಿ ಸೂಚಿಸಬೇಕಾಗುತ್ತದೆ. ಆದುದರಿಂದ ಥಂಗ್ಕಾ ಎಂಬ ಟಿಬೆಟನ್ ಪಟಚಿತ್ರದಲ್ಲಿ ಕುಂಚದಿಂದ ಬರೆಯುವ ಸೂಕ್ಷ್ಮ ರೇಖೆಗಳನ್ನು ರತ್ನಗಂಬಳಿಗೆ ಹಾಗೆಯೇ ಇಳಿಸಲಾಗುವುದಿಲ್ಲ. ಚಿತ್ರವನ್ನು ದಪ್ಪ ರೇಖೆ, ಸಮತಟ್ಟಾದ ಬಣ್ಣ ಮತ್ತು ಮೆಟ್ಟಿಲುಗಟ್ಟಿದ ಅಂಚುಗಳಾಗಿ ಬದಲಿಸಿಕೊಳ್ಳಬೇಕು. ಇದಕ್ಕಾಗಿ ಚೌಕುಳಿ ಕಾಗದದ ಮೇಲೆ ಪ್ರತಿ ಮನೆಗೆ ಒಂದು ಗಂಟಿನಂತೆ ನಕ್ಷೆಯನ್ನು ಬರೆದುಕೊಳ್ಳುತ್ತಾರೆ. ಹಳೆಯ ಗಂಬಳಿಯನ್ನೇ ಮಾದರಿಯಾಗಿ ಮುಂದಿಟ್ಟುಕೊಂಡು ನೇಯುವ ಮತ್ತು ನೆನಪಿನಿಂದಲೇ ನೇಯುವ ಪದ್ಧತಿಗಳೂ ಇವೆ.

ಎಡ ಮತ್ತು ಬಲ ಭಾಗಗಳು ಕನ್ನಡಿಯ ಪ್ರತಿಬಿಂಬದಂತಿರುವ ವಿನ್ಯಾಸಗಳು ನೇಕಾರರಿಗೆ ಸುಲಭ. ಅರ್ಧ ನಕ್ಷೆಯನ್ನು ಓದಿಕೊಂಡರೆ ಉಳಿದರ್ಧವನ್ನು ತಿರುಗಿಸಿ ನೇಯಬಹುದು. ಎದುರುಬದುರಾಗಿ ನಿಂತ ಎರಡು ಹಿಮಸಿಂಹಗಳು ಈ ವಿಧಾನಕ್ಕೆ ಚೆನ್ನಾಗಿ ಹೊಂದುತ್ತವೆ. ಆದರೆ ಎಲ್ಲ ಚಿಹ್ನೆಗಳನ್ನೂ ಹೀಗೆ ತಿರುಗಿಸುವಂತಿಲ್ಲ. ಬಲಮುರಿ ಶಂಖವನ್ನು ತಿರುಗಿಸಿದರೆ ಅದು ಎಡಮುರಿಯಾಗಿ ಮಂಗಳಸೂಚಕ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಸ್ವಸ್ತಿಕದ ತೋಳುಗಳ ದಿಕ್ಕಿನ ವಿಷಯದಲ್ಲಿಯೂ ಎಚ್ಚರ ಅಗತ್ಯ, ಏಕೆಂದರೆ ಎಡಕ್ಕೆ ತಿರುಗಿದ ಸ್ವಸ್ತಿಕವು ಟಿಬೆಟ್‌ನ ಪ್ರಾಚೀನ ಬೊನ್ ಧರ್ಮದ ಗುರುತಾಗಿದೆ. ಹೀಗಾಗಿ ನೇಕಾರರು ಚಿಹ್ನೆಯ ಆಕಾರದೊಂದಿಗೆ ಅದರ ಅರ್ಥವನ್ನೂ ತಿಳಿದಿರಬೇಕಾಗುತ್ತದೆ.

ಪ್ರಮುಖ ವಿನ್ಯಾಸಗಳು

ಹಿಮಸಿಂಹ

ಬಿಳಿಯ ಮೈ ಮತ್ತು ಹಸಿರುನೀಲಿ ಬಣ್ಣದ ಕೇಸರವುಳ್ಳ ಹಿಮಸಿಂಹವು ಹಿಮಪರ್ವತಗಳಲ್ಲಿ ವಾಸಿಸುವುದೆಂದು ನಂಬಲಾದ ಕಾಲ್ಪನಿಕ ಪ್ರಾಣಿ. ಟಿಬೆಟನ್ ಭಾಷೆಯಲ್ಲಿ ಸಿಂಹಕ್ಕೆ ಸೆಂಗೆ ಎನ್ನುತ್ತಾರೆ. ಸಿಂಹವೇ ಇಲ್ಲದ ಟಿಬೆಟ್‌ಗೆ ಈ ಕಲ್ಪನೆ ಬುದ್ಧನನ್ನು ಶಾಕ್ಯಸಿಂಹನೆಂದು ಕರೆದ ಭಾರತೀಯ ಬೌದ್ಧ ಪರಂಪರೆಯೊಂದಿಗೆ ನಂಟು ಹೊಂದಿದೆ.

ರತ್ನಗಂಬಳಿಯ ವಿನ್ಯಾಸಗಳಲ್ಲಿ ರಾಜ್ಯಲಾಂಛನದೊಂದಿಗೆ ನೇರ ಸಂಬಂಧವುಳ್ಳದ್ದು ಹಿಮಸಿಂಹ. 1912ರಲ್ಲಿ ಲಾಸಾದಲ್ಲಿ ಮರದ ಅಚ್ಚಿನಿಂದ ಮುದ್ರಿಸಲಾದ ಟಿಬೆಟ್‌ನ ಮೊದಲ ಅಂಚೆಚೀಟಿಗಳ ನಡುವೆ ಸಿಂಹದ ಚಿತ್ರವಿತ್ತು. 1933ರ ಅಂಚೆಚೀಟಿಗಳಲ್ಲಿಯೂ ಅದು ಮುಂದುವರಿಯಿತು. ಟಿಬೆಟ್ ಸರ್ಕಾರದ ನಾಣ್ಯಗಳ ಮೇಲೂ ಸಿಂಹವಿತ್ತು. 13ನೇ ದಲಾಯಿ ಲಾಮಾ ಥುಬ್ಟೆನ್ ಗ್ಯಾಟ್ಸೊ (1876–1933) ಅವರ ಆಡಳಿತದಲ್ಲಿ, 20ನೇ ಶತಮಾನದ ಎರಡನೆಯ ದಶಕದಲ್ಲಿ ರೂಪುಗೊಂಡ ಧ್ವಜದಲ್ಲಿ ಹಿಮಪರ್ವತದ ಮುಂದೆ ಎರಡು ಹಿಮಸಿಂಹಗಳು ರತ್ನವನ್ನು ಎತ್ತಿಹಿಡಿದಿವೆ. ಹಿಂದೆ ಉದಯಿಸುವ ಸೂರ್ಯನೂ, ಆರು ಕೆಂಪು ಮತ್ತು ಆರು ನೀಲಿ ಕಿರಣಗಳೂ, ಮೂರು ಬದಿಗೆ ಹಳದಿ ಅಂಚೂ ಇವೆ. ಈ ಧ್ವಜವನ್ನು 1947ರಲ್ಲಿ ನವದೆಹಲಿಯಲ್ಲಿ ನಡೆದ ಏಷ್ಯಾ ಬಾಂಧವ್ಯ ಸಮ್ಮೇಳನದಲ್ಲಿ ಪ್ರದರ್ಶಿಸಲಾಗಿತ್ತು. ಇಂದು ಟಿಬೆಟ್‌ನಲ್ಲಿ ಇದರ ಪ್ರದರ್ಶನಕ್ಕೆ ಚೀನಾ ಸರ್ಕಾರದ ನಿಷೇಧವಿದೆ.

ರತ್ನಗಂಬಳಿಯ ಸಿಂಹವು ಧ್ವಜದ ಸಿಂಹಕ್ಕಿಂತ ಹಳೆಯದು. ಧ್ವಜ ರೂಪುಗೊಳ್ಳುವ ಮೊದಲೇ ಸಿಂಹವು ಆಸನಗಳ ಅಲಂಕಾರವಾಗಿತ್ತು. ಧ್ವಜದಲ್ಲಿ ಸೇರಿದ ಮೇಲೆ, ಮುಖ್ಯವಾಗಿ 1959ರ ನಂತರ, ಹಳೆಯ ಚಿತ್ರಕ್ಕೆ ರಾಷ್ಟ್ರದ ಅರ್ಥವೂ ಕೂಡಿಕೊಂಡಿತು.

ಹುಲಿ

ಹುಲಿಯ ಗಂಬಳಿಗಳಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಬಿದಿರು, ಬಂಡೆಗಳ ನಡುವೆ ನಡೆಯುವ ಹುಲಿಯ ಚಿತ್ರವಿರುತ್ತದೆ. ಇನ್ನೊಂದರಲ್ಲಿ ಇಡೀ ಗಂಬಳಿಯೇ ಹರಡಿದ ಹುಲಿಯ ಚರ್ಮದಂತಿದ್ದು, ಪಟ್ಟೆಗಳಷ್ಟೇ ವಿನ್ಯಾಸವಾಗುತ್ತವೆ. ಹುಲಿಯ ಚರ್ಮದ ಮೇಲೆ ಕುಳಿತು ಧ್ಯಾನಿಸುವ ತಾಂತ್ರಿಕ ಸಂಪ್ರದಾಯವೇ ಇದರ ಹಿನ್ನೆಲೆ. ವ್ಯಾಘ್ರಚರ್ಮದ ಮೇಲೆ ಕುಳಿತ ಶಿವ ಮತ್ತು ಯೋಗಿಗಳ ಕಲ್ಪನೆಯೂ ಇದೇ ಭಾರತೀಯ ಮೂಲದ್ದು. 1988ರಲ್ಲಿ ಲಂಡನ್ನಿನಲ್ಲಿ ಇಂತಹ ಹಳೆಯ ಗಂಬಳಿಗಳ ಪ್ರದರ್ಶನ ನಡೆದ ಬಳಿಕ ಈ ಬಗೆಗೆ ಅಂತರರಾಷ್ಟ್ರೀಯ ಸಂಗ್ರಾಹಕರಲ್ಲಿ ಆಸಕ್ತಿ ಹೆಚ್ಚಿತು.

ಡ್ರ್ಯಾಗನ್ ಮತ್ತು ಫೀನಿಕ್ಸ್

ಟಿಬೆಟನ್ ಭಾಷೆಯಲ್ಲಿ ಡ್ರುಕ್ ಎಂದು ಕರೆಯಲಾಗುವ ಡ್ರ್ಯಾಗನ್ ಗುಡುಗಿನ ಸಂಕೇತ. ನೆರೆಯ ಭೂತಾನದ ರಾಷ್ಟ್ರಧ್ವಜದಲ್ಲಿಯೂ ಇದೇ ಡ್ರುಕ್ ಇದೆ. ರತ್ನಗಂಬಳಿಗಳಲ್ಲಿ ಡ್ರ್ಯಾಗನ್ ಮೋಡಗಳ ನಡುವೆ ಒಂಟಿಯಾಗಿ, ಜೋಡಿಯಾಗಿ ಅಥವಾ ಫೀನಿಕ್ಸ್ ಪಕ್ಷಿಯೊಂದಿಗೆ ಕಾಣಿಸುತ್ತದೆ. ಡ್ರ್ಯಾಗನ್ ಮತ್ತು ಫೀನಿಕ್ಸ್ ಜೋಡಿಯು ಚೀನಾದ ಚಕ್ರವರ್ತಿ ಮತ್ತು ಸಾಮ್ರಾಜ್ಞಿಯರ ಸಂಕೇತವಾಗಿತ್ತು. ಪಶ್ಚಿಮ ಚೀನಾದ ನಿಂಗ್ಶಿಯಾ ಪ್ರದೇಶದಲ್ಲಿ ಟಿಬೆಟನ್ ವಿಹಾರಗಳಿಗಾಗಿ ನೇಯುತ್ತಿದ್ದ ಗಂಬಳಿಗಳು ಮತ್ತು ಚೀನೀ ರೇಷ್ಮೆವಸ್ತ್ರಗಳ ಮೂಲಕ ಇಂತಹ ವಿನ್ಯಾಸಗಳು ಟಿಬೆಟ್ ತಲುಪಿದವು. ಕಂಬಕ್ಕೆ ಸುತ್ತಿದಾಗ ಮಾತ್ರ ಡ್ರ್ಯಾಗನ್‌ನ ಮೈ ಪೂರ್ಣವಾಗಿ ಕೂಡಿಕೊಳ್ಳುವಂತೆ ಕಂಬದ ಗಂಬಳಿಗಳನ್ನು ನೇಯಲಾಗುತ್ತಿತ್ತು.

ಅಷ್ಟಮಂಗಳ

ತಾಶಿ ತಾಗ್ಯೆ ಎಂದು ಕರೆಯಲಾಗುವ ಎಂಟು ಮಂಗಳಚಿಹ್ನೆಗಳು ಹೀಗಿವೆ: ಶ್ವೇತಚ್ಛತ್ರ, ಜೋಡಿ ಮೀನು, ನಿಧಿಕಲಶ, ಕಮಲ, ಬಲಮುರಿ ಶಂಖ, ಕೊನೆಯಿಲ್ಲದ ಗಂಟು, ವಿಜಯಧ್ವಜ ಮತ್ತು ಧರ್ಮಚಕ್ರ. ಇವು ಭಾರತದ ಬೌದ್ಧ ಸಂಪ್ರದಾಯದಿಂದ ಟಿಬೆಟ್‌ಗೆ ಹೋದವು. ಜೈನ ಸಂಪ್ರದಾಯದಲ್ಲಿಯೂ ಅಷ್ಟಮಂಗಳಗಳ ಪಟ್ಟಿಯಿದ್ದು, ಅದರ ಕೆಲವು ಚಿಹ್ನೆಗಳು ಇವುಗಳೊಂದಿಗೆ ಸಾಮ್ಯ ಹೊಂದಿವೆ. ರತ್ನಗಂಬಳಿಯಲ್ಲಿ ಎಂಟನ್ನೂ ಒಟ್ಟಾಗಿ ಅಥವಾ ಬಿಡಿಬಿಡಿಯಾಗಿ ನೇಯುತ್ತಾರೆ. ನೇರ ರೇಖೆಗಳಿಂದಲೇ ರೂಪುಗೊಳ್ಳುವ ಕೊನೆಯಿಲ್ಲದ ಗಂಟು ಚೌಕುಳಿ ನಕ್ಷೆಗೆ ಸಹಜವಾಗಿ ಒಗ್ಗುತ್ತದೆ.

ಪದಕ ಮತ್ತು ಅಂಚಿನ ವಿನ್ಯಾಸಗಳು

ಗಂಬಳಿಯ ನಡುವೆ ಒಂದು ಅಥವಾ ಮೂರು ವೃತ್ತಾಕಾರದ ಪದಕಗಳನ್ನು ನೇಯುವುದು ಹಳೆಯ ರೂಢಿ. ಪದಕದೊಳಗೆ ಕಮಲ, ವಿಶ್ವವಜ್ರ ಅಥವಾ ಜ್ಯಾಮಿತೀಯ ಆಕೃತಿಗಳಿರುತ್ತವೆ. ಅಂಚಿನಲ್ಲಿ ಮುತ್ತಿನ ಸಾಲು, ಒಂದರೊಳಗೊಂದು ಕೊಂಡಿಯಾಗುವ ಕೋನರೇಖೆಗಳು, ಸ್ವಸ್ತಿಕದ ಸರಪಳಿ, ಅಲೆ ಮತ್ತು ಪರ್ವತಗಳ ಸಾಲು ಕಾಣುತ್ತವೆ. ಟಿಬೆಟನ್ನರು ಯುಂಗ್‌ಡ್ರುಂಗ್ ಎಂದು ಕರೆಯುವ ಸ್ವಸ್ತಿಕವು ಸ್ಥಿರತೆ ಮತ್ತು ಶಾಶ್ವತತೆಯ ಸಂಕೇತ. ಕರ್ನಾಟಕದ ಮನೆಗಳ ಹೊಸ್ತಿಲಲ್ಲಿಯೂ ಮಂಗಳಕರವೆನಿಸುವ ಈ ಚಿಹ್ನೆಗೆ ಯುರೋಪಿನಲ್ಲಿ ನಾಜಿ ಆಡಳಿತದ ನೆನಪು ಅಂಟಿಕೊಂಡಿದೆ. ಒಂದೇ ಚಿಹ್ನೆಯನ್ನು ನೇಯುವವರು ಮತ್ತು ಕೊಳ್ಳುವವರು ಬೇರೆಬೇರೆಯಾಗಿ ಓದುವ ಸಾಧ್ಯತೆಗೆ ಇದೊಂದು ನಿದರ್ಶನ.

ಅಸ್ಮಿತೆಯ ಸಂಕೇತವಾಗಿ ವಿನ್ಯಾಸಗಳು

ಮೇಲಿನ ವಿನ್ಯಾಸಗಳಲ್ಲಿ ಯಾವುದೂ ಆರಂಭದಲ್ಲಿ ರಾಷ್ಟ್ರವನ್ನು ಸೂಚಿಸಲೆಂದೇ ಹುಟ್ಟಿದ್ದಲ್ಲ. ಹುಲಿ ಧ್ಯಾನಾಸನದ ಗುರುತಾಗಿತ್ತು, ಶಂಖ ಧರ್ಮೋಪದೇಶದ ಧ್ವನಿಯಾಗಿತ್ತು, ಡ್ರ್ಯಾಗನ್ ಅಂತಸ್ತಿನ ಸೂಚಕವಾಗಿತ್ತು. ಟಿಬೆಟ್‌ನಲ್ಲಿದ್ದಾಗ ಇವುಗಳನ್ನು ಟಿಬೆಟನ್ ವಿನ್ಯಾಸಗಳೆಂದು ಪ್ರತ್ಯೇಕವಾಗಿ ಗುರುತಿಸುವ ಅಗತ್ಯವಿರಲಿಲ್ಲ. ಬೇರೊಂದು ನಾಡಿನ, ಬೇರೊಂದು ಭಾಷೆಯ ನಡುವೆ ನೆಲೆಸಿದಾಗ ಮನೆಯ ಸಾಮಾನ್ಯ ವಸ್ತುವೇ ತಾಯ್ನಾಡಿನ ಕುರುಹಾಯಿತು. ವಿವಿಧ ಮೂಲಗಳಿಂದ ಬಂದ ಚಿಹ್ನೆಗಳು ಒಂದೇ ಅಸ್ಮಿತೆಯ ಭಾಗಗಳಾಗಿ ಕಾಣತೊಡಗಿದವು. ಚೀನೀ ಮೂಲದ ಡ್ರ್ಯಾಗನ್ ಮತ್ತು ಫೀನಿಕ್ಸ್ ಕೂಡ ಈ ಗುಂಪಿನಲ್ಲಿ ಉಳಿದಿರುವುದು ಗಮನಾರ್ಹ. ಶತಮಾನಗಳ ಬಳಕೆಯಿಂದ ಒಂದು ಸಮುದಾಯದ್ದಾದ ವಿನ್ಯಾಸಕ್ಕೆ ಅದರ ಹುಟ್ಟಿದ ಊರು ಅಡ್ಡಿಯಾಗಿಲ್ಲ.

ಬಳಕೆಯ ಸ್ಥಳ ಬದಲಾದದ್ದು ಹೊಸ ಪ್ರಶ್ನೆಯನ್ನೂ ತಂದಿತು. ಎತ್ತರದ ಆಸನದ ಮೇಲೆ ಹಾಸುತ್ತಿದ್ದ ಗಂಬಳಿಯನ್ನು ಹೊರಗಿನ ಗ್ರಾಹಕರು ನೆಲಕ್ಕೆ ಹಾಸುತ್ತಾರೆ. ಬುದ್ಧನ ಮೂರ್ತಿ, ಧರ್ಮಗ್ರಂಥದ ಅಕ್ಷರ ಮುಂತಾದ ಪವಿತ್ರ ವಸ್ತುಗಳನ್ನು ತುಳಿಯುವುದು ಬೌದ್ಧರಿಗೆ ನಿಷಿದ್ಧ. ಗೋಡೆಗೆ ತೂಗುಹಾಕುವ ಚಿತ್ರಗಂಬಳಿಗಳಿಗೆ ಈ ತೊಡಕಿಲ್ಲ. ಹೂವು, ಮೋಡ, ಪ್ರಾಣಿ ಮತ್ತು ಜ್ಯಾಮಿತೀಯ ವಿನ್ಯಾಸಗಳು ನೆಲಹಾಸಿಗೂ ಸಲ್ಲುತ್ತವೆ.

ಇತರ ವಸ್ತ್ರಕಲೆಗಳೊಂದಿಗೆ ಹೋಲಿಕೆ

ಇತಿಹಾಸ ಮತ್ತು ರಾಜ್ಯಲಾಂಛನಗಳಿಂದ ವಿನ್ಯಾಸ ಪಡೆಯುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಹಿಮಸಿಂಹಕ್ಕೆ ಹೋಲಿಸಬಹುದಾದ ಸ್ಥಳೀಯ ಲಾಂಛನ ಗಂಡಭೇರುಂಡ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಸ್ತಂಭದ ಮೇಲೆ ಗಂಡಭೇರುಂಡದ ಶಿಲ್ಪವಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಕಾಣಿಸಿಕೊಂಡ ಈ ಎರಡು ತಲೆಯ ಪಕ್ಷಿ ಮೈಸೂರು ಒಡೆಯರ ಲಾಂಛನವಾಗಿ, ಮುಂದೆ ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಸೇರಿತು. ಹಿಮಸಿಂಹದಂತೆ ಇದು ಕೂಡ ರಾಜ್ಯಕ್ಕಿಂತ ಹಳೆಯದಾದ ಕಾಲ್ಪನಿಕ ಪ್ರಾಣಿ. ಆದರೆ ಗಂಡಭೇರುಂಡಕ್ಕೆ ಸರ್ಕಾರದ ಕಚೇರಿ ಮತ್ತು ಕಾಗದಪತ್ರಗಳಲ್ಲಿ ಸ್ಥಾನವಿದೆ. ಹಿಮಸಿಂಹದ ಉಳಿವು ಬಹುಮಟ್ಟಿಗೆ ಧ್ವಜ, ವಿಹಾರ ಮತ್ತು ಕರಕುಶಲ ವಸ್ತುಗಳನ್ನು ಅವಲಂಬಿಸಿದೆ.

ಧಾರವಾಡ ಪ್ರದೇಶದ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಮುಂತಾದ ಚಿತ್ರಗಳನ್ನು ಮೂಡಿಸುತ್ತಾರೆ. ಎಣಿಕೆಯೇ ಆಧಾರವಾದ್ದರಿಂದ ಅದರ ರೇಖೆಗಳೂ ರತ್ನಗಂಬಳಿಯಂತೆ ಮೆಟ್ಟಿಲುಗಟ್ಟಿರುತ್ತವೆ. ನವಲಗುಂದದ ಜಮಖಾನೆ ಹತ್ತಿಯಿಂದ ನೇಯ್ದ, ಕುಚ್ಚಿಲ್ಲದ ಸಮತಟ್ಟು ಹಾಸು. ಕುರುಬ ಸಮುದಾಯದವರು ದಖನಿ ಕುರಿಯ ಒರಟು ಉಣ್ಣೆಯಿಂದ ನೇಯುವ ಕಂಬಳಿಯಲ್ಲಿ ಚಿತ್ರಕ್ಕಿಂತ ಉಣ್ಣೆಯ ಸಹಜ ಬಣ್ಣಕ್ಕೆ ಪ್ರಾಧಾನ್ಯವಿದೆ.

ಯುರೋಪಿನ ಲೇಸ್ ಕಲೆಯಲ್ಲಿಯೂ ಸಂಕಷ್ಟದ ಕಾಲದಲ್ಲಿ ರಾಷ್ಟ್ರಲಾಂಛನಗಳು ವಿನ್ಯಾಸವಾದ ನಿದರ್ಶನಗಳಿವೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ವಶದಲ್ಲಿದ್ದ ಬೆಲ್ಜಿಯಂನ ಮಹಿಳೆಯರು ಪರಿಹಾರ ಆಯೋಗವು ಒದಗಿಸಿದ ನೂಲಿನಿಂದ ತಮ್ಮ ದೇಶದ ಸಿಂಹ ಮತ್ತು ಮಿತ್ರರಾಷ್ಟ್ರಗಳ ಲಾಂಛನಗಳುಳ್ಳ ಲೇಸ್‌ಗಳನ್ನು ಹೆಣೆದು ಜೀವನ ಸಾಗಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಬ್ರಿಟನ್ನಿನ ವಾಯುಯುದ್ಧವನ್ನು ಚಿತ್ರಿಸುವ ಬೃಹತ್ ಲೇಸ್ ಫಲಕಗಳು ಯಂತ್ರದಲ್ಲಿ ತಯಾರಾದವು. ಆಶ್ರಯ ಪಡೆದ ನೆಲದಲ್ಲಿ ತಾಯ್ನಾಡಿನ ಸಿಂಹವನ್ನು ನೇಯ್ದು ಜೀವನೋಪಾಯ ಕಂಡುಕೊಂಡ ಟಿಬೆಟನ್ ನೇಕಾರರ ಸ್ಥಿತಿಗೆ ಬೆಲ್ಜಿಯಂನ ಉದಾಹರಣೆ ಹೆಚ್ಚು ಸಮೀಪವಾದುದು.

ಮಾರುಕಟ್ಟೆ ಮತ್ತು ಪ್ರಸ್ತುತ ಸ್ಥಿತಿ

ಟಿಬೆಟನ್ ರತ್ನಗಂಬಳಿಯ ದೊಡ್ಡ ಮಾರುಕಟ್ಟೆ ಬೆಳೆದದ್ದು ನೇಪಾಳದಲ್ಲಿ. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ನಿರಾಶ್ರಿತರಿಗಾಗಿ ಕಾಠ್ಮಂಡು ಕಣಿವೆಯಲ್ಲಿ ಆರಂಭವಾದ ಉದ್ಯಮವು 1990ರ ದಶಕದ ಆರಂಭದ ವೇಳೆಗೆ ಆ ದೇಶದ ಪ್ರಮುಖ ರಫ್ತು ಉದ್ಯಮವಾಯಿತು. ಆದರೆ ಯುರೋಪಿನ ಬೇಡಿಕೆಗೆ ತಕ್ಕಂತೆ ಅಲ್ಲಿನ ವಿನ್ಯಾಸಗಳು ತಿಳಿಬಣ್ಣದ, ಅಮೂರ್ತ ಆಕೃತಿಗಳತ್ತ ಸರಿದವು. ಗಂಟು ಟಿಬೆಟ್‌ನದಾಗಿಯೇ ಉಳಿಯಿತು, ಚಿತ್ರ ಬದಲಾಯಿತು.

ಮೈಸೂರು ಜಿಲ್ಲೆಯ ಕೇಂದ್ರಗಳದ್ದು ಸಣ್ಣ ಪ್ರಮಾಣದ ಉತ್ಪಾದನೆ. ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ತುಸು ಎತ್ತರದ ಈ ಪ್ರದೇಶದ ಹವೆಗೆ ದಪ್ಪ ಉಣ್ಣೆಯ ಹಾಸು ಅನಿವಾರ್ಯವಲ್ಲ. ಹಾಗಾಗಿ ಸ್ಥಳೀಯ ಬೇಡಿಕೆಗಿಂತ ಟಿಬೆಟನ್ ಕುಟುಂಬಗಳು, ವಿಹಾರಗಳು ಮತ್ತು ಪ್ರವಾಸಿಗರ ಬೇಡಿಕೆಯೇ ಮುಖ್ಯ. ಮೈಸೂರು–ಮಡಿಕೇರಿ ಹೆದ್ದಾರಿಯ ಸಮೀಪದಲ್ಲಿರುವ ಬೈಲಕುಪ್ಪೆಗೆ ನಾಮ್‌ಡ್ರೋಲಿಂಗ್ ವಿಹಾರದ ಸುವರ್ಣ ದೇಗುಲವನ್ನು ನೋಡಲು ಬರುವವರು ಕರಕುಶಲ ವಸ್ತುಗಳ ಗ್ರಾಹಕರೂ ಆಗಿದ್ದಾರೆ. ಲೋಸರ್ ಎಂಬ ಟಿಬೆಟನ್ ಹೊಸವರ್ಷದಲ್ಲಿ ಮನೆಯ ಆಸನಗಳಿಗೆ ಒಳ್ಳೆಯ ಗಂಬಳಿಗಳನ್ನು ಹಾಸುವ ರೂಢಿ ಮುಂದುವರಿದಿದೆ.

ಈ ಕಸುಬಿನ ಮುಂದಿರುವ ಸವಾಲು ನೇಕಾರರದ್ದು. ಒಂದು ಖಾದೆನ್‌ಗೆ ಲಕ್ಷಕ್ಕೂ ಮಿಕ್ಕಿದ ಗಂಟುಗಳನ್ನು ಹಾಕುವ ದುಡಿಮೆಗೆ ದೊರೆಯುವ ಆದಾಯವು ಇತರ ಉದ್ಯೋಗಗಳೊಂದಿಗೆ ಪೈಪೋಟಿ ನಡೆಸುವುದು ಕಷ್ಟ. ಚಳಿಗಾಲದಲ್ಲಿ ಭಾರತದ ನಗರಗಳಿಗೆ ಹೋಗಿ ಸ್ವೆಟರ್ ಮಾರುವ ವ್ಯಾಪಾರವು ಬಹಳ ಹಿಂದೆಯೇ ಅನೇಕ ಕುಟುಂಬಗಳ ಮುಖ್ಯ ವರಮಾನವಾಯಿತು. ಶಿಕ್ಷಣ ಪಡೆದ ಯುವಜನರು ಬೆಂಗಳೂರಿನಂತಹ ನಗರಗಳಿಗೂ ವಿದೇಶಗಳಿಗೂ ಹೋಗುತ್ತಿದ್ದಾರೆ. ಅಮೆರಿಕ ಸಂಯುಕ್ತ ಸಂಸ್ಥಾನವು 1990ರ ವಲಸೆ ಕಾಯ್ದೆಯಡಿ ಭಾರತ ಮತ್ತು ನೇಪಾಳದಲ್ಲಿದ್ದ 1,000 ಟಿಬೆಟನ್ನರಿಗೆ ವೀಸಾ ನೀಡಿದ ನಂತರ ಈ ವಲಸೆಗೆ ವೇಗ ದೊರೆಯಿತು.

ಯಂತ್ರನಿರ್ಮಿತ ಗಂಬಳಿಗಳ ಮೇಲೆಯೂ ಹಿಮಸಿಂಹವನ್ನು ಮುದ್ರಿಸಬಹುದಾದ್ದರಿಂದ ಚಿತ್ರವು ಅಳಿಯುವ ಸಂಭವ ಕಡಿಮೆ. ನಕ್ಷೆಯನ್ನು ಗಂಟಾಗಿ ಓದುವ, ಯಾವ ಚಿಹ್ನೆಯನ್ನು ತಿರುಗಿಸಬಹುದು, ಯಾವುದನ್ನು ತಿರುಗಿಸಬಾರದು ಎಂದು ಅರಿತ ಕೈಗಳ ಪರಂಪರೆಯ ಮಾತು ಬೇರೆ. ಟಿಬೆಟ್‌ನಲ್ಲಿ ಹುಟ್ಟಿ, ಅಲ್ಲಿಯೇ ನೇಯ್ಗೆ ಕಲಿತು ಬಂದ ತಲೆಮಾರು ಕೊನೆಗೊಳ್ಳುತ್ತಿರುವ ಈ ಹೊತ್ತಿನಲ್ಲಿ, ಆ ತಿಳಿವಳಿಕೆಯ ಮುಂದುವರಿಕೆಯು ಬೈಲಕುಪ್ಪೆ ಮತ್ತು ಗುರುಪುರದಲ್ಲಿಯೇ ಹುಟ್ಟಿ ಬೆಳೆದವರನ್ನು ಅವಲಂಬಿಸಿದೆ.